ಜೀಪಿನ ಹಿಂದಿನ ಹಬ್ಬು: ಬಡಿದು ತೆಗೆಯುವ ಕೆಲಸ ಅಲ್ಲ

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಗುಡ್ಡೆ ಜಾಗದವರಲ್ಲಿ ಹಳೇ ಡೀಸೆಲ್ ಜೀಪು ಇಟ್ಟುಕೊಂಡವರು ಈಗಲೂ ಇದ್ದಾರೆ. ಪಿಕಪ್ಪು ಬಂದರೂ ಕಾರು ಬಂದರೂ, ಮುರಕಲ್ಲಿನ ಏರು ಹತ್ತಿ, ತೋಡು ದಾಟಿ ಅಂಗಳಕ್ಕೆ ಬರಬೇಕಾದರೆ ಜೀಪೇ ಆಗಬೇಕು. ಗೇರುಬೀಜದ ಗೋಣಿ, ಹಟ್ಟಿಗೊಬ್ಬರ, ಮಳೆಗಾಲದಲ್ಲಿ ಹುಷಾರಿಲ್ಲದವರು, ಎಲ್ಲ ಅದರಲ್ಲೇ. ಈ ಜೀಪುಗಳಲ್ಲಿ ಇಂಜಿನ್ ಕೆಲಸಕ್ಕಿಂತಲೂ ತಲೆ ತಿನ್ನುವ ಒಂದು ಕೆಲಸ ಉಂಟು: ಕಚ್ಚಿಕೊಂಡ ಹಿಂದಿನ ಹಬ್ಬನ್ನು ತೆಗೆಯುವುದು. ಬ್ರೇಕ್ ಲೈನರ್ ಹಾಕಬೇಕೇ, ಆಯಿಲ್ ಸೀಲ್ ಬದಲಿಸಬೇಕೇ, ಬೇರಿಂಗ್ ನೋಡಬೇಕೇ, ಎಲ್ಲದಕ್ಕೂ ಮೊದಲು ಹಬ್ಬು ಬರಬೇಕು. ಅದು ಬಾರದಿದ್ದರೆ ಮುಂದಿನ ಯಾವ ಕೆಲಸವೂ ಇಲ್ಲ.

ಹಬ್ಬು ಬಾರದಾಗ ಹೆಚ್ಚಿನವರು ಮಾಡುವುದು ಒಂದೇ. ದೊಡ್ಡ ಸುತ್ತಿಗೆ ತಂದು ಬಡಿಯುವುದು. ಈ ಲೇಖನ ಬರೆಯಲು ಕಾರಣವೇ ಅದು. ನನ್ನ ಜೀಪಿನ ಎರಡೂ ಬದಿಯ ಹಬ್ಬನ್ನು ಕಳೆದ ಬೇಸಿಗೆಯಲ್ಲಿ ಮನೆಯಂಗಳದಲ್ಲೇ ತೆಗೆದೆ. ಬಲಬದಿಯದ್ದು ಅರ್ಧ ದಿನದಲ್ಲಿ ಬಂತು. ಎಡದ್ದಕ್ಕೆ ಮೂರು ದಿನ ಹಿಡಿಯಿತು. ಹೆಚ್ಚು ಹಿಡಿದದ್ದು ಏಕೆ ಎಂಬುದರಲ್ಲೇ ವಿಷಯ ಇರುವುದು.

ಕಚ್ಚುವುದು ಏಕೆ?

1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದರು. ಆ ವಂಶದ ಜೀಪುಗಳಲ್ಲಿ ಹಿಂದಿನ ಹಬ್ಬು ಕೂರಿಸಿದ ಕ್ರಮ ಹೀಗೆ: ಎಕ್ಸೆಲ್ ಶಾಫ್ಟಿನ ಹೊರತುದಿ ಒಂದೇ ದಪ್ಪ ಇಲ್ಲ. ತುದಿಯ ಕಡೆ ಸಪೂರ ಆಗುತ್ತಾ ಬರುತ್ತದೆ. ಹಬ್ಬಿನ ತೂತೂ ಹಾಗೆಯೇ, ಒಳಗೆ ಅಗಲ, ಹೊರಗೆ ಕಿರಿದು. ನಡುವೆ ಒಂದು ಚೌಕದ ಉಕ್ಕಿನ ಚಾವಿ. ಹೊರಗಿಂದ ದೊಡ್ಡ ನಟ್ಟು, ಅದಕ್ಕೆ ಸ್ಪ್ಲಿಟ್ ಪಿನ್ನು. ಎಕ್ಸೆಲ್ ತಿರುಗಿಸುವ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಮುಖ್ಯವಾಗಿ ಈ ಓರೆ ಹಿಡಿತವೇ. ಚಾವಿ ಅದಕ್ಕೆ ಸಹಾಯ ಮಾತ್ರ.

ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಪಿಕ್ಕಾಸು ಸಾಕು. ಪಿಕ್ಕಾಸಿನ ಹಿಡಿಯ ತುದಿ ದಪ್ಪ, ಬುಡ ಸಪೂರ. ಬುಡದಿಂದ ತೂರಿಸಿ ಮೇಲಕ್ಕೆ ಎಳೆದರೆ ಕೂರುತ್ತದೆ. ಕಡಿದಷ್ಟೂ ಗಟ್ಟಿಯಾಗುತ್ತದೆ, ಮೊಳೆ ಬೇಡ, ಬೆಣೆ ಬೇಡ. ಎರಡು ಮಳೆಗಾಲ ಕಳೆದ ಪಿಕ್ಕಾಸಿನಿಂದ ಹಿಡಿ ಬಿಡಿಸಲು ನೋಡಿ, ಗೊತ್ತಾಗುತ್ತದೆ. ಜೀಪಿನಲ್ಲಿ ಮರದ ಬದಲು ಉಕ್ಕು. ಇಪ್ಪತ್ತು ವರ್ಷ ತೋಡಿನ ನೀರು, ಕೆಂಪು ಕೆಸರು, ತುಕ್ಕು. ಬಿಟ್ಟುಬಿಡು ಎಂದರೆ ಬಿಡುತ್ತದೆಯೇ?

ಒಂದು ಮಾತು. ಎಲ್ಲ ಜೀಪೂ ಹೀಗೆ ಇಲ್ಲ. ಹಳೇ ಮಿಲಿಟರಿ ಜೀಪುಗಳ ಹಿಂದಿನ ಹಬ್ಬಿನ ನಡುವೆ ಉರುಟು ಬಿಲ್ಲೆ, ಅದರ ಸುತ್ತ ಆರು ಬೋಲ್ಟು ಇರುತ್ತದೆ. ಬೋಲ್ಟು ಬಿಚ್ಚಿದರೆ ಶಾಫ್ಟೇ ಹೊರಗೆ ಬರುತ್ತದೆ. ಅದಕ್ಕೆ ಈ ಪಾಡು ಇಲ್ಲ. ಈಗಿನ ಅನೇಕ ಗಾಡಿಗಳಲ್ಲಿ ಶಾಫ್ಟು ಮತ್ತು ಅದರ ತುದಿಯ ತಟ್ಟೆ ಒಂದೇ ತುಂಡು. ಅಲ್ಲಿಯೂ ಇಲ್ಲ. ಹಬ್ಬಿನ ನಡುವೆ ಒಂದೇ ದೊಡ್ಡ ನಟ್ಟು, ಸ್ಪ್ಲಿಟ್ ಪಿನ್ನು ಕಂಡರೆ ಮಾತ್ರ ಮುಂದಕ್ಕೆ ಓದಿ.

ನನ್ನ ಜೀಪಿನ ಕಥೆ

ನನ್ನದು ಖುಷ್ಕಿ ಜಾಗ. ಗೇರು ಹೆಚ್ಚು, ಸ್ವಲ್ಪ ಕಾಳುಮೆಣಸು, ತೋಡಿನ ಬದಿಯಲ್ಲಿ ನಾಲ್ಕು ಕಂಗು. ಡಾಮರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಕೊನೆಯ ಇಳಿಜಾರು ನೇರ ಸಂಕಕ್ಕೆ ಬಂದು ಮುಟ್ಟುತ್ತದೆ. ಆ ಸಂಕಕ್ಕೆ ತಡೆಗೋಡೆ ಇಲ್ಲ. ಆ ದಾರಿಯಲ್ಲಿ ಏಳು ಮನೆ, ಮಳೆಗಾಲದಲ್ಲಿ ಓಡುವ ಗಾಡಿ ಒಂದೇ. ಹಾಗಾಗಿ ಬ್ರೇಕಿನ ವಿಷಯದಲ್ಲಿ ನನಗೆ ತಮಾಷೆ ಇಲ್ಲ.

ಕಳೆದ ಏಪ್ರಿಲಿನಲ್ಲಿ ಗೇರುಬೀಜ ಹೇರಿಕೊಂಡು ಇಳಿಯುವಾಗ ಬ್ರೇಕ್ ಒತ್ತಿದರೆ ಜೀಪು ಬಲಕ್ಕೆ ಎಳೆಯಿತು. ಎಡದ ಹಿಂದಿನ ಚಕ್ರದ ಒಳಬದಿ ನೋಡಿದೆ. ಟಯರಿನ ಗೋಡೆಯಲ್ಲಿ ಎಣ್ಣೆಯ ಗೆರೆ. ಮೂಸಿ ನೋಡಿದರೆ ಗೇರ್ ಆಯಿಲಿನ ವಾಸನೆ, ಬ್ರೇಕ್ ಆಯಿಲಿನದ್ದಲ್ಲ. (ಗೇರ್ ಆಯಿಲಿಗೆ ಗಂಧಕದಂಥ ಗಾಢ ವಾಸನೆ ಉಂಟು, ದಪ್ಪ. ಬ್ರೇಕ್ ಆಯಿಲ್ ತೆಳ್ಳಗೆ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಮೊದಲೇ ಗೊತ್ತಾದರೆ ಯಾವ ಸಾಮಾನು ತರಬೇಕು ಎಂದು ಗೊತ್ತಾಗುತ್ತದೆ.) ಒಳಗಿನ ಸೀಲು ಹೋಗಿ ಎಣ್ಣೆ ಲೈನರಿಗೆ ಹತ್ತಿದೆ ಎಂದು ಅರ್ಥ.

ಪೇಟೆಯ ಒಂದು ಗ್ಯಾರೇಜಿನಲ್ಲಿ ಕೇಳಿದೆ. "ಒಂದು ವಾರ ಬಿಟ್ಟು ಹೋಗಿ" ಎಂದರು. ಪತ್ತನಾಜೆಗೆ ಮೊದಲು ಗೇರುಬೀಜ ಮುಗಿಯಬೇಕು, ಗೊಬ್ಬರ ಬರಬೇಕು, ಒಂದು ವಾರ ಬಿಡಲಿಕ್ಕೆ ಎಲ್ಲಿಂದ ಆಗ್ತದೆ? ಅದೂ ಅಲ್ಲದೆ ಆರು ವರ್ಷದ ಹಿಂದೆ ಇನ್ನೊಂದು ಕಡೆ ಇದೇ ಎಡದ ಹಬ್ಬನ್ನು ತೆಗೆದ ಕ್ರಮವನ್ನು ನಾನು ಪಕ್ಕದಲ್ಲಿ ನಿಂತೇ ನೋಡಿದ್ದೆ. ನಟ್ಟು ಪೂರ್ತಿ ತೆಗೆದಿಟ್ಟು, ಶಾಫ್ಟಿನ ತುದಿಗೆ ಹತ್ತು ಪೌಂಡಿನ ಸುತ್ತಿಗೆಯಲ್ಲಿ ಹೊಡೆದಿದ್ದರು. ಹಬ್ಬು ಬಂತು, ನಿಜ. ಶಾಫ್ಟಿನ ತುದಿಯ ಸುತ್ತು ನಾಯಿಕೊಡೆಯ ಹಾಗೆ ಅರಳಿತ್ತು. ಅದರ ಮೇಲೇ ನಟ್ಟನ್ನು ಒತ್ತಾಯದಿಂದ ಏರಿಸಿ ಕಳಿಸಿದ್ದರು.

ಹೊಡೆದ ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಎರಡು ಬದಿಯ ಶಾಫ್ಟುಗಳ ಒಳತುದಿಗಳ ನಡುವೆ ಡಿಫ್ರೆನ್ಷಿಯಲಿನ ಒಳಗೆ ಒಂದು ಸಣ್ಣ ಉಕ್ಕಿನ ತುಂಡು ಇರುತ್ತದೆ. ಎಡದಿಂದ ಬಡಿದರೆ ಪೆಟ್ಟು ಆ ತುಂಡಿನ ಮೂಲಕ ಬಲಬದಿಯ ಬೇರಿಂಗಿಗೂ ಮುಟ್ಟುತ್ತದೆ. ಒಂದು ಹಬ್ಬು ತೆಗೆಯಲು ಹೋಗಿ ಎರಡು ಬೇರಿಂಗ್ ಹಾಳು ಮಾಡುವ ದಾರಿ ಅದು.

ಪುಲ್ಲರ್ ಹೇಗಿರಬೇಕು

ಹಬ್ಬು ತೆಗೆಯುವುದು ಎಳೆಯುವ ಕೆಲಸ. ಎಳೆಯಲಿಕ್ಕೆ ಪುಲ್ಲರ್ ಬೇಕು. ಅಂಗಡಿಯಲ್ಲಿ ಸಿಗುವ ಮೂರು ಕಾಲಿನ ಕೊಕ್ಕೆ ಪುಲ್ಲರ್ ಇದಕ್ಕೆ ಆಗುವುದಿಲ್ಲ. ಅದು ಡ್ರಮ್ಮಿನ ಅಂಚನ್ನು ಹಿಡಿದು ಎಳೆಯುತ್ತದೆ. ಹಬ್ಬು ಬರುವ ಮೊದಲು ಡ್ರಮ್ಮಿನ ಅಂಚು ಸೊಟ್ಟ ಆಗುತ್ತದೆ, ಇಲ್ಲವೇ ಬೀಡಿನ ಡ್ರಮ್ಮು ಒಡೆಯುತ್ತದೆ. ಚಕ್ರದ ಸ್ಟಡ್ಡುಗಳಿಗೇ ಕಟ್ಟುವ ಪುಲ್ಲರ್ ಬೇಕು. ಐದು ಸ್ಟಡ್ಡೂ ಹಬ್ಬಿನಲ್ಲೇ ಇರುವುದರಿಂದ ಎಳೆತ ನೇರ ಹಬ್ಬಿಗೆ ಸಿಗುತ್ತದೆ.

ನಾನು ಮಾಡಿಸಿದ್ದು ಹೀಗೆ. ಗುಜರಿ ಅಂಗಡಿಯಿಂದ 20 ಮಿ.ಮೀ. ದಪ್ಪದ ಕಬ್ಬಿಣದ ತಗಡಿನ ತುಂಡು ತಂದೆ. ಮೂಡುಬಿದಿರೆಯಲ್ಲಿ ಲೇತಿನವರ ಹತ್ತಿರ ಅದನ್ನು ಉರುಟು ಮಾಡಿಸಿ ಐದು ತೂತು ಹೊಡೆಸಿದೆ. ಜೀಪಿನ ಐದು ಸ್ಟಡ್ಡುಗಳ ನಡುಗೆರೆಯ ವೃತ್ತ ಐದೂವರೆ ಇಂಚು ವ್ಯಾಸದ್ದು. ಅಳತೆ ಹೇಳುವುದಕ್ಕಿಂತ ಒಂದು ಗುಜರಿ ಡ್ರಮ್ಮನ್ನೇ ಕೊಂಡುಹೋಗಿ ತೋರಿಸುವುದು ಒಳ್ಳೆಯದು. ನಡುವೆ ಒಂದು ಇಂಚಿನ ಗಟ್ಟಿ ಬೋಲ್ಟು ಹೋಗುವಂತೆ ಸುತ್ತು ಕೊರೆಸಿದೆ. ಬೋಲ್ಟಿನ ಸುತ್ತು ಸಣ್ಣದಾಗಿರಬೇಕು. ಸಣ್ಣ ಸುತ್ತಿಗೆ ಹೆಚ್ಚು ಬಲ.

ಇಲ್ಲಿ ಲೇತಿನವರೂ ಮರೆಯುವ ಒಂದು ವಿಷಯ ಉಂಟು. ಬಲಕ್ಕೆಂದು ತಗಡಿಗೆ ಒಂದು ದೊಡ್ಡ ನಟ್ಟು ವೆಲ್ಡ್ ಮಾಡಿಸುವುದಾದರೆ ಅದು ತಗಡಿನ ಒಳಮುಖದಲ್ಲಿ, ಅಂದರೆ ಎಕ್ಸೆಲಿನ ಕಡೆ ಇರಬೇಕು. ಬೋಲ್ಟು ಬಿಗಿದಾಗ ಶಾಫ್ಟು ಅದನ್ನು ಹೊರಕ್ಕೆ ದೂಡುತ್ತದೆ. ನಟ್ಟು ಒಳಮುಖದಲ್ಲಿದ್ದರೆ ತಗಡಿಗೇ ಒತ್ತಿ ನಿಲ್ಲುತ್ತದೆ. ಹೊರಮುಖದಲ್ಲಿದ್ದರೆ ಇಡೀ ಭಾರ ವೆಲ್ಡಿಂಗಿನ ಮೇಲೆ ಬಿತ್ತು. ಅದು ಕಿತ್ತು ಹಾರಿದರೆ ಎದುರಿಗೆ ಇರುವವರ ಗತಿ ಏನು?

ಬೋಲ್ಟಿನ ತುದಿ ಚೂಪಾಗಿ ಇರಲಿ, ಸೂಜಿಯಷ್ಟಲ್ಲ. ಶಾಫ್ಟಿನ ತುದಿಯ ನಡುವೆ ಲೇತಿನ ಒಂದು ಸಣ್ಣ ಗುಳಿ ಇದೆ, ಅದರಲ್ಲಿ ಕೂರುವಷ್ಟು. ತುದಿಗೆ ಗ್ರೀಸು ಹಚ್ಚಬೇಕು. ನಾವು ಐದು ಮನೆಯವರು ಸೇರಿ ದುಡ್ಡು ಹಾಕಿದ್ದರಿಂದ ಒಬ್ಬೊಬ್ಬರಿಗೆ ಒಂದು ಕೂಲಿಯಾಳಿನ ದಿನದ ಸಂಬಳಕ್ಕಿಂತಲೂ ಕಡಿಮೆ ಬಿತ್ತು.

ಜಾಕಿ ಇಡುವ ಮೊದಲು

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಹಬ್ಬು ಬಾರದಿದ್ದರೆ ನಷ್ಟ ಒಂದು ದಿನ. ಜಾಕಿ ಜಾರಿದರೆ ಹಾಗಲ್ಲ.

ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರಕ್ಕೆ ಹಿಡಿಯುವುದಲ್ಲ. ಅದು ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ ಹಿಡಿಯುವುದು. ನಾಲ್ಕೂ ಚಕ್ರ ನೆಲದಲ್ಲಿರುವಾಗ ಸರಿಯಾಗಿ ನಿಲ್ಲುತ್ತದೆ. ಹಿಂದಿನ ಒಂದು ಚಕ್ರ ಎತ್ತಿದಿರೋ, ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಎತ್ತಿದ ಚಕ್ರ ಗಾಳಿಯಲ್ಲಿ ಹಿಂದಕ್ಕೆ ತಿರುಗುತ್ತದೆ, ನೆಲದ ಚಕ್ರ ಮುಂದಕ್ಕೆ ಉರುಳುತ್ತದೆ, ಡಿಫ್ರೆನ್ಷಿಯಲಿನ ಗುಣವೇ ಹಾಗೆ. ಗೇರಿನಲ್ಲಿ ನಿಲ್ಲಿಸಿದರೂ ಅದೇ ಕಥೆ. ಆದ್ದರಿಂದ ಉಳಿದ ಮೂರು ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡೆ ಇಡಲೇಬೇಕು. ಜಾಗ ಸಮತಟ್ಟಾಗಿರಬೇಕು.

ಇನ್ನೊಂದು. ನಮ್ಮ ಅಂಗಳದಲ್ಲಿ ಯಾವಾಗಲೂ ನಾಲ್ಕು ಮುರಕಲ್ಲು ಬಿದ್ದಿರುತ್ತದೆ. ಎಕ್ಸೆಲಿನ ಅಡಿಗೆ ಅದನ್ನೇ ಇಡುವ ಅಭ್ಯಾಸ ಬಹಳ ಜನಕ್ಕೆ ಉಂಟು. ಗೋಡೆಗೆ ಮುರಕಲ್ಲು ಒಳ್ಳೆಯದು, ಭಾರ ಒಂದೇ ಕಡೆ ಚುಚ್ಚಿದರೆ ಒಮ್ಮೆಲೇ ಪುಡಿಯಾಗುತ್ತದೆ. ಜಾಕಿಯಲ್ಲಿ ಎತ್ತಿ, ಎಕ್ಸೆಲಿನ ಅಡಿಗೆ ಹಲಸಿನದ್ದೋ ಬೇರೆ ಗಟ್ಟಿ ಮರದ್ದೋ ಅಗಲ ಬೊಡ್ಡೆ ಇಡಿ. ಜಾಕಿಯ ಮೇಲೆ ಮಾತ್ರ ನಿಲ್ಲಿಸಿ ಕೆಲಸ ಮಾಡಬೇಡಿ. ಬಲವಾಗಿ ಎಳೆಯುವ ಕೆಲಸ, ಗಾಡಿ ಅಲ್ಲಾಡಿಯೇ ಅಲ್ಲಾಡುತ್ತದೆ.

ಚಕ್ರ ನೆಲದಲ್ಲಿರುವಾಗಲೇ ನಡುವಿನ ದೊಡ್ಡ ನಟ್ಟು ಸಡಿಲಿಸಬೇಕು. ಸ್ಪ್ಲಿಟ್ ಪಿನ್ನು ತೆಗೆದು, ನಟ್ಟಿಗೆ ಸರಿಯಾಗಿ ಕೂರುವ ಬಾಕ್ಸ್ ಸ್ಪಾನರ್ ಹಾಕಿ, ಹಿಡಿಗೆ ನಾಲ್ಕೈದು ಅಡಿಯ ಜಿ.ಐ. ಪೈಪು ತೂರಿಸಿ. ಒಬ್ಬರು ಬ್ರೇಕ್ ಒತ್ತಿ ಕೂರಲಿ. ಚಕ್ರದ ನಟ್ಟುಗಳಲ್ಲೂ ಒಂದು ಎಚ್ಚರಿಕೆ: ಅನೇಕ ಹಳೇ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಎಡಸುತ್ತು ಇರುತ್ತದೆ. ಬಿಚ್ಚುತ್ತೇನೆಂದು ಬಿಗಿಯುತ್ತಾ ಸ್ಟಡ್ಡು ಮುರಿದವರಿದ್ದಾರೆ.

ಮೂರು ದಿನದ ಕೆಲಸ

ಬಲಬದಿಯದ್ದನ್ನು ಹೇಳಿ ಮುಗಿಸುತ್ತೇನೆ. ಪುಲ್ಲರ್ ಕಟ್ಟಿದೆ, ಬಿಗಿದೆ, ಬಿಸಿನೀರು ಹೊಯ್ದೆ, ಇನ್ನೊಮ್ಮೆ ಬಿಗಿದೆ. ಮಧ್ಯಾಹ್ನದ ಊಟಕ್ಕೆ ಮೊದಲು ಬಂತು. ಆ ಬದಿಗೆ ಯಾರೂ ಸುತ್ತಿಗೆ ಮುಟ್ಟಿಸಿರಲಿಲ್ಲ.

ಎಡದ್ದರಲ್ಲಿ ನಟ್ಟೇ ಮೊದಲ ಜಗಳ. ಅರಳಿದ ಸುತ್ತಿನ ಮೇಲೆ ಅದು ಹೊರಗೆ ಬರಲು ಕೇಳಲಿಲ್ಲ. ಒಂದು ಸುತ್ತು ಬರುತ್ತದೆ, ನಿಲ್ಲುತ್ತದೆ. ಬಲ ಹಾಕಿದರೆ ಸುತ್ತು ಪೂರ್ತಿ ಕಿತ್ತು ಹೋಗುತ್ತದೆ ಎಂದು ಕೈಗೆ ಗೊತ್ತಾಗುತ್ತಿತ್ತು. ಶಾಫ್ಟೇ ಹೊಸದು ಬೇಕಾದರೆ ಖರ್ಚು ಬೇರೆ, ಹುಡುಕಾಟ ಬೇರೆ. ನಟ್ಟಿನಿಂದ ಹೊರಗೆ ಕಾಣುವ ಸುತ್ತುಗಳನ್ನು ಮುಕ್ಕೋನಿನ ಸಣ್ಣ ಅರದಲ್ಲಿ ಒಂದೊಂದಾಗಿ ಬಿಡಿಸಿದೆ. ಅರ ಹಾಕುವುದು, ಡೀಸೆಲಿನಲ್ಲಿ ತೊಳೆಯುವುದು, ಎಣ್ಣೆ ಬಿಡುವುದು, ಕಾಲು ಸುತ್ತು ಹೊರಕ್ಕೆ, ಪುನಃ ಒಳಕ್ಕೆ. ಮೊದಲ ದಿನ ಅಷ್ಟರಲ್ಲೇ ಮುಗಿಯಿತು. ಕಣ್ಣು ನೋಯುತ್ತಿತ್ತು, ಆದರೆ ನಟ್ಟು ಕೈಯಲ್ಲಿ ತಿರುಗುವ ಹಾಗೆ ಆಯಿತು.

ಎರಡನೇ ದಿನ ಬ್ರೇಕ್ ಶೂ ಸಡಿಲಿಸಿದೆ. ಹಿಂದಿನ ಪ್ಲೇಟಿನಲ್ಲಿರುವ ಎಡ್ಜಸ್ಟರ್ ತಿರುಗಿಸಿ ಶೂಗಳನ್ನು ಒಳಕ್ಕೆ ತರದಿದ್ದರೆ, ಸವೆದ ಡ್ರಮ್ಮಿನ ಅಂಚಿಗೆ ಶೂ ಸಿಕ್ಕಿ, ಹಬ್ಬು ಬಿಟ್ಟರೂ ಡ್ರಮ್ಮು ಬರುವುದಿಲ್ಲ. ಆಮೇಲೆ ದೊಡ್ಡ ನಟ್ಟನ್ನು ಪುನಃ ಹಾಕಿದೆ. ಪೂರ್ತಿ ಬಿಗಿಯಲಿಕ್ಕಿಲ್ಲ. ಅದರ ಹೊರಮುಖ ಶಾಫ್ಟಿನ ತುದಿಗೆ ಸಮ ಬರುವಲ್ಲಿಗೆ, ಅಂದರೆ ಹಬ್ಬಿಗೂ ನಟ್ಟಿಗೂ ನಡುವೆ ಎರಡು ಮೂರು ಸುತ್ತಿನ ಎಡೆ ಇರುವ ಹಾಗೆ. ಇದು ಏಕೆಂದು ಮುಂದೆ ಗೊತ್ತಾಗುತ್ತದೆ. ನಟ್ಟು ಇರುವುದರಿಂದ ಶಾಫ್ಟಿನ ಸುತ್ತಿಗೂ ರಕ್ಷಣೆ.

ಪುಲ್ಲರ್ ಕಟ್ಟಿ, ಐದು ನಟ್ಟನ್ನೂ ಸಮನಾಗಿ ಬಿಗಿದು, ನಡುವಿನ ಬೋಲ್ಟಿಗೆ ಪೈಪು ಹಾಕಿ ಎಳೆದೆವು. ನಾನು ಮತ್ತು ನೆರೆಮನೆಯ ಹುಡುಗ. ತಗಡು ಸ್ವಲ್ಪ ಬಗ್ಗಿದ ಹಾಗೆ ಕಂಡಿತು. ಹಬ್ಬು ಅಲ್ಲಾಡಲಿಲ್ಲ. ಹುಡುಗನಿಗೆ ತಾಳ್ಮೆ ತಪ್ಪಿತು.

"ಮಾವ, ಒಂದು ನಾಲ್ಕು ಪೆಟ್ಟು ಕೊಡುವ. ಸುತ್ತಿಗೆ ತರ್ತೇನೆ."

"ಬೇಡ ಮಾರಾಯ. ಕಳೆದ ಸಲ ಕೊಟ್ಟ ಪೆಟ್ಟನ್ನು ನಿನ್ನೆ ಇಡೀ ದಿನ ಅರದಲ್ಲಿ ತಿಕ್ಕಿದ್ದು ನೋಡ್ಲಿಲ್ವಾ?"

"ಮತ್ತೆ ಎಂತ ಮಾಡುವುದು?"

"ಚಾ ಕುಡಿಯುವ."

ತಮಾಷೆಗೆ ಹೇಳಿದ್ದಲ್ಲ. ಬಿಗಿದು ಬಿಟ್ಟ ಪುಲ್ಲರ್ ನಾವು ಚಾ ಕುಡಿಯುವಾಗಲೂ ಎಳೆಯುತ್ತಲೇ ಇರುತ್ತದೆ. ಚಾ ಆದ ಮೇಲೆ ಬೋಲ್ಟಿನ ತಲೆಗೆ ಎರಡು ಪೌಂಡಿನ ಸುತ್ತಿಗೆಯಲ್ಲಿ ಒಂದೇ ಒಂದು ಸಣ್ಣ ಪೆಟ್ಟು ಕೊಟ್ಟೆ. ಇದು ಬಡಿಯುವುದಲ್ಲ, ಎಬ್ಬಿಸುವುದು. ಕೊಟ್ಟ ಮೇಲೆ ಬೋಲ್ಟು ಇನ್ನೊಂದು ಕಾಲು ಸುತ್ತು ತಿರುಗಿತು. ಹೀಗೆ ಸಂಜೆವರೆಗೆ ನಾಲ್ಕು ಸಲ.

ಬಿಸಿ ಮಾಡುವ ವಿಷಯ. ಹಬ್ಬು ಬಿಸಿಯಾದರೆ ಹಿಗ್ಗುತ್ತದೆ, ಶಾಫ್ಟು ತಣ್ಣಗೆ ಇದ್ದರೆ ಹಿಡಿತ ಸಡಿಲುತ್ತದೆ, ಅದು ಸರಿ. ಆದರೆ ಗ್ಯಾಸ್ ವೆಲ್ಡಿಂಗಿನ ಬೆಂಕಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಒಳಗೆ ಬೇರಿಂಗಿನ ಗ್ರೀಸು, ಸೀಲು, ಪಕ್ಕದಲ್ಲೇ ಬ್ರೇಕ್ ಆಯಿಲಿನ ಸಿಲಿಂಡರ್. ಎಣ್ಣೆ ಸೋರಿದ ಡ್ರಮ್ಮು ಬೇರೆ. ಬೆಂಕಿ ಹತ್ತಿದರೆ ಅಂಗಳದಲ್ಲಿ ನಂದಿಸುವವರು ಯಾರು? ಹೆಚ್ಚು ಬಿಸಿಗೆ ಉಕ್ಕಿನ ಹದವೂ ಕೆಡುತ್ತದೆ. ನಾವು ಮಾಡಿದ್ದು, ಹಬ್ಬಿನ ಗುಬ್ಬಿಗೆ ಗೋಣಿ ಸುತ್ತಿ ಬಚ್ಚಲ ಹಂಡೆಯ ಕುದಿನೀರನ್ನು ತಂಬಿಗೆಯಲ್ಲಿ ಹೊಯ್ಯುವುದು. ಅಡಿಕೆ ಬೇಯಿಸಿದವರಿಗೆ ಕುದಿನೀರು ಹಿಡಿಯಲು ಕಲಿಸಬೇಕಾಗಿಲ್ಲ. ಆದರೂ ಮುಖ ದೂರ ಇರಲಿ.

ಇಂಥ ಹಬ್ಬಿಗೆ ಊರಲ್ಲಿ ಇನ್ನೊಂದು ಉಪಾಯ ಹೇಳುತ್ತಾರೆ. ನಟ್ಟು ಒಂದು ಸುತ್ತು ಸಡಿಲಿಸಿ, ಪಿನ್ನು ಹಾಕಿ, ಕೊಯ್ಲಾದ ಗದ್ದೆಯಲ್ಲಿ ಜೀಪನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಓಡಿಸುವುದು. ತಿರುವಿನ ಭಾರಕ್ಕೆ ಹಬ್ಬು ತಾನಾಗಿ ಬಿಡುತ್ತದೆ. ಬಿಡುತ್ತದೆ, ಸುಳ್ಳಲ್ಲ. ಆದರೆ ಬಿಟ್ಟ ಕ್ಷಣದಲ್ಲಿ ಇಡೀ ಬಲ ಆ ಸಣ್ಣ ಚಾವಿಯ ಮೇಲೆ ಬೀಳುತ್ತದೆ. ಚಾವಿ ತುಂಡಾದರೆ ಅದರ ಚೂರು ಶಾಫ್ಟನ್ನೂ ಹಬ್ಬನ್ನೂ ಗೀರಿ ಹಾಕುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ, ಅದೂ ಸಮ ಗದ್ದೆಯಲ್ಲಿ, ನಡಿಗೆಯ ವೇಗದಲ್ಲಿ. ರಸ್ತೆಗೆ ಖಂಡಿತ ಇಳಿಸಬೇಡಿ.

ಎರಡನೇ ದಿನ ಕತ್ತಲಾಯಿತು. ಪುಲ್ಲರನ್ನು ಬಿಗಿಯಲ್ಲೇ ಬಿಟ್ಟು, ಚಾವಿಯ ಗಾಡಿಗೆ ಡೀಸೆಲ್ ಬಿಟ್ಟು ಮಲಗಿದೆವು. ಮಕ್ಕಳು ಎದುರಿಗೆ ಹೋಗದಂತೆ ಹಳೇ ಬಾಗಿಲೊಂದನ್ನು ಅಡ್ಡ ನಿಲ್ಲಿಸಿದ್ದೆ. ಬೆಳಿಗ್ಗೆ ನೋಡಿದರೆ ಹಾಗೇ ಉಂಟು. ಕುದಿನೀರು, ಕಾಲು ಸುತ್ತು, ಒಂದು ಪೆಟ್ಟು. ಪುನಃ ಅದೇ. ಹನ್ನೊಂದು ಗಂಟೆಯ ಹೊತ್ತಿಗೆ ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಅಂಗಳದಿಂದ "ಠಪ್" ಎಂದು ಗರ್ನಾಲಿನಂಥ ಸದ್ದು. ನಾಯಿ ಬೊಗಳುತ್ತಾ ಹಟ್ಟಿಯ ಹಿಂದೆ ಓಡಿತು. ಹಬ್ಬು, ಡ್ರಮ್ಮು, ಪುಲ್ಲರ್ ಮೂರೂ ಒಟ್ಟಿಗೆ ಜಿಗಿದು, ಬಿಟ್ಟಿದ್ದ ಆ ದೊಡ್ಡ ನಟ್ಟಿಗೆ ಬಡಿದು ನಿಂತಿತ್ತು. ನಟ್ಟು ಪೂರ್ತಿ ತೆಗೆದಿಟ್ಟಿದ್ದರೆ ಅಷ್ಟೂ ಭಾರ ಅಂಗಳಕ್ಕೆ ಹಾರುತ್ತಿತ್ತು. ಹುಡುಗ ಅದನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಂದ ಮೇಲೆ

ಡ್ರಮ್ಮಿನೊಳಗಿನ ಕಪ್ಪು ಧೂಳನ್ನು ಊದಬೇಡಿ, ಕಂಪ್ರೆಸರ್ ಗಾಳಿ ಹಿಡಿಯಬೇಡಿ. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ವರೆಗೆ ತರಬಲ್ಲದು. ಸಾಬೂನು ನೀರಿನಲ್ಲಿ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಪುನಃ ಹಾಕುವವರಿದ್ದಾರೆ. ಇಳಿಜಾರಿನ ದಾರಿಯವರು ಆ ಲೋಭ ಮಾಡಬಾರದು. ಒಂದು ಬದಿಗೆ ಹೊಸದು ಹಾಕಿದರೆ ಇನ್ನೊಂದು ಬದಿಗೂ ಹೊಸದೇ ಹಾಕಬೇಕು, ಇಲ್ಲದಿದ್ದರೆ ಜೀಪು ಪುನಃ ಎಳೆಯುತ್ತದೆ. ನಾನು ಬಲಬದಿಯನ್ನೂ ತೆಗೆದದ್ದು ಅದಕ್ಕೇ.

ಒಳಗಿನ ಸೀಲು ಬದಲಿಸಲು ಬ್ರೇಕಿನ ಹಿಂದಿನ ಪ್ಲೇಟು ಬಿಚ್ಚಿ ಶಾಫ್ಟು ಎಳೆಯಬೇಕು. ಪ್ಲೇಟಿಗೂ ಹೌಸಿಂಗಿಗೂ ನಡುವೆ ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಿಲ್ಲೆಗಳಿವೆ, ಶಿಮ್ ಎನ್ನುತ್ತಾರೆ. ಬೇರಿಂಗಿನ ಆಟ ಎಷ್ಟಿರಬೇಕು ಎಂದು ನಿರ್ಧರಿಸುವುದು ಅವೇ. ಎಷ್ಟು ಇದ್ದವೋ ಅಷ್ಟೂ, ಯಾವ ಬದಿಯದ್ದು ಆ ಬದಿಗೇ. ನಾನು ದಾರದಲ್ಲಿ ಪೋಣಿಸಿ ಎಡ ಬಲ ಎಂದು ಚೀಟಿ ಕಟ್ಟಿದ್ದೆ.

ಸೀಲು ಹೋದದ್ದು ಏಕೆ ಎಂದು ಕೇಳಿಕೊಳ್ಳದೆ ಹೊಸ ಸೀಲು ಹಾಕಿದರೆ ಬರುವ ವರ್ಷ ಪುನಃ ಅದೇ ಕೆಲಸ. ಹಿಂದಿನ ಎಕ್ಸೆಲ್ ಹೌಸಿಂಗಿನ ಮೇಲ್ಬದಿಯಲ್ಲಿ ಒಂದು ಸಣ್ಣ ಉಸಿರುಗಂಡಿ ಉಂಟು, ಬ್ರೀದರ್. ಓಡುವಾಗ ಒಳಗಿನ ಎಣ್ಣೆ ಬಿಸಿಯಾಗಿ ಗಾಳಿ ಹಿಗ್ಗುತ್ತದೆ, ಆ ಗಾಳಿ ಹೋಗುವ ದಾರಿ ಅದು. ನಮ್ಮ ಕೆಂಪು ಕೆಸರು ಅದರ ಮೇಲೆ ಕೂತು ಒಣಗಿದರೆ ಗಾರೆ ಹಾಕಿದ ಹಾಗೆ. ಗಾಳಿಗೆ ದಾರಿ ಇಲ್ಲದೆ ಎಣ್ಣೆಯನ್ನು ಸೀಲಿನ ಮೂಲಕ ಹೊರಕ್ಕೆ ದೂಡುತ್ತದೆ. ನನ್ನ ಜೀಪಿನಲ್ಲಿ ಉಸಿರುಗಂಡಿ ಎಲ್ಲಿದೆ ಎಂದು ಹುಡುಕಲಿಕ್ಕೇ ಕತ್ತಿಯ ಮೊನೆಯಲ್ಲಿ ಮಣ್ಣು ಕೆರೆಯಬೇಕಾಯಿತು. ಪ್ರತಿ ಮಳೆಗಾಲ ಮುಗಿದ ಮೇಲೆ ಇದನ್ನು ಬಿಚ್ಚಿ ಡೀಸೆಲಿನಲ್ಲಿ ತೊಳೆದರೆ ಹಬ್ಬು ತೆಗೆಯುವ ಕೆಲಸವೇ ಎಷ್ಟೋ ಕಡಿಮೆಯಾಗುತ್ತದೆ.

ಪುನಃ ಜೋಡಿಸುವಾಗ ಶಾಫ್ಟಿನ ಓರೆ ಮುಖ, ಹಬ್ಬಿನ ತೂತು ಎರಡನ್ನೂ ತುಕ್ಕು ಜಿಡ್ಡು ಇಲ್ಲದಂತೆ ಒರೆಸಿ, ಹೊಸ ಚಾವಿ ಹಾಕಬೇಕು. ಮುಂದಿನ ಸಲ ಸುಲಭವಾಗಿ ಬರಲಿ ಎಂದು ಗ್ರೀಸು ಮೆತ್ತುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಿಡಿತವೇ ಅದರ ಕೆಲಸ. ಈ ಎಕ್ಸೆಲಿನಲ್ಲಿ ಚಕ್ರವನ್ನು ಹಿಡಿದಿಟ್ಟಿರುವುದು ಆ ಒಂದು ನಟ್ಟು ಮತ್ತು ಓರೆ ಹಿಡಿತ ಮಾತ್ರ. ಸಡಿಲ ಬಿಟ್ಟರೆ ಮೊದಲು ಚಾವಿ ಉರುಳುತ್ತದೆ, ಕೊನೆಗೆ ಡ್ರಮ್ಮು ಸಮೇತ ಚಕ್ರವೇ ದಾರಿಯಲ್ಲಿ ಮುಂದೆ ಹೋಗುತ್ತದೆ.

ಬಿಗಿ ಎಷ್ಟು ಎಂದರೆ, ಹಳೇ ಜೀಪಿನ ಕೈಪಿಡಿಯಲ್ಲಿ 150 ಅಡಿ-ಪೌಂಡಿಗೆ ಕಡಿಮೆ ಇರಬಾರದು ಎಂದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದನ್ನು ಓದಿ ಲೆಕ್ಕ ಮಾಡಿಕೊಟ್ಟದ್ದು ಮಗಳು. ಸುಮಾರು 21 ಕಿಲೋ-ಮೀಟರ್ ಬಲವಂತೆ, ಅಂದರೆ ನಟ್ಟಿನ ನಡುವಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಪೈಪಿಗೆ 21 ಕಿಲೋ ಭಾರ ತೂಗಿದಷ್ಟು. ಅಳೆಯುವ ಸ್ಪಾನರ್ ನಮ್ಮಲ್ಲಿಲ್ಲ. ಪೈಪನ್ನು ಅಡ್ಡಕ್ಕೆ ಸಮ ಹಿಡಿದು, ಒಂದು ಮೀಟರಿಗೆ ಗುರುತು ಹಾಕಿ, ತೂಕ ಮಾಡಿದ 21 ಕಿಲೋ ಗೇರುಬೀಜದ ಚೀಲವನ್ನೇ ಅಲ್ಲಿಗೆ ತೂಗಿಸಿದೆವು. ಪಿನ್ನಿನ ತೂತು ಸರಿಗೆ ಬಾರದಿದ್ದರೆ ಇನ್ನಷ್ಟು ಬಿಗಿದು ಮುಂದಿನ ತೂತಿಗೆ ತರಬೇಕು, ಹಿಂದಕ್ಕೆ ಸಡಿಲಿಸಬಾರದು. ಪಿನ್ನು ಹೊಸದೇ ಹಾಕಿ, ಅದಕ್ಕೆ ಲೋಭ ಬೇಡ.

ಬ್ರೇಕಿನ ಪೈಪು ಬಿಚ್ಚಿದ್ದರಿಂದ ಗಾಳಿ ತೆಗೆದು ಹೊಸ ಬ್ರೇಕ್ ಆಯಿಲ್ ತುಂಬಿಸಿದೆವು. ತೆರೆದಿಟ್ಟ ಹಳೇ ಡಬ್ಬದ ಆಯಿಲ್ ಬಳಸಬೇಡಿ, ಅದು ಗಾಳಿಯ ನೀರಿನ ಪಸೆ ಹೀರುತ್ತದೆ. ನಮ್ಮ ಆಟಿ ತಿಂಗಳ ಗಾಳಿಯಲ್ಲಂತೂ ಕೇಳುವುದೇ ಬೇಡ.

ಓಮ್ನಿ ಇರುವವರಿಗೆ ಎರಡು ಮಾತು. 2019ರಲ್ಲಿ ತಯಾರಿ ನಿಂತರೂ ನಮ್ಮ ಕಡೆ ಅವು ಬೇಕಾದಷ್ಟು ಓಡುತ್ತಿವೆ. ಅದರಲ್ಲಿ ಇಂಥ ಓರೆ ಹಬ್ಬಿಲ್ಲ. ಕಚ್ಚುವುದು ಡ್ರಮ್ಮು ಮಾತ್ರ, ಹೆಚ್ಚಾಗಿ ಮಳೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದಾಗ. ಹ್ಯಾಂಡ್‌ಬ್ರೇಕ್ ಬಿಟ್ಟು, ಚಕ್ರ ತೆಗೆದು, ಡ್ರಮ್ಮಿನ ಮುಖದಲ್ಲಿ ಸುತ್ತು ಕೊರೆದ ಎರಡು ಸಣ್ಣ ತೂತುಗಳಿಗೆ 8 ಮಿ.ಮೀ. ಬೋಲ್ಟು ಹಾಕಿ. ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಅರ್ಧರ್ಧ ಸುತ್ತು ಬಿಗಿಯುತ್ತಾ ಬಂದರೆ ಡ್ರಮ್ಮು ತಾನಾಗಿ ಎದ್ದು ಬರುತ್ತದೆ. ತೂತಿನ ಮಣ್ಣನ್ನು ಮೊದಲು ತೆಗೆಯಿರಿ.

ಜೀಪಿನ ದೊಡ್ಡ ನಟ್ಟನ್ನು ಸುಮಾರು ನೂರು ಕಿಲೋಮೀಟರ್ ಓಡಿದ ಮೇಲೆ ಪಿನ್ನು ತೆಗೆದು ಇನ್ನೊಮ್ಮೆ ಬಿಗಿದು ನೋಡಬೇಕು. ಹಬ್ಬು ಓರೆಯಲ್ಲಿ ಇನ್ನಷ್ಟು ಒಳಗೆ ಕೂತಿರುತ್ತದೆ. ನಮ್ಮದರಲ್ಲಿ ಎಡಬದಿಯದ್ದು ಮುಂದಿನ ತೂತಿನವರೆಗೆ ತಿರುಗಿತು, ಬಲದ್ದು ಅಲ್ಲಾಡಲಿಲ್ಲ. ಪತ್ತನಾಜೆಯ ಮರುದಿನ ಮೊದಲ ಮಳೆಗೆ ಇಳಿಜಾರಿನಲ್ಲಿ ಖಾಲಿ ಒಮ್ಮೆ, ಗೊಬ್ಬರ ಹೇರಿ ಒಮ್ಮೆ ಇಳಿಸಿದೆ. ಎಳೆತ ಇಲ್ಲ, ಸಂಕದ ಈಚೆ ನಿಲ್ಲಿಸಬೇಕಾದಲ್ಲಿ ನಿಂತಿತು.

ಪುಲ್ಲರ್ ಹಟ್ಟಿಯ ಮಾಡಿನಲ್ಲಿ ನೇತು ಹಾಕಿರುತ್ತದೆ. ಕೇಳಿದವರಿಗೆ ಕೊಡುತ್ತೇವೆ, ಬೋಲ್ಟಿಗೆ ಗ್ರೀಸು ಹಚ್ಚಿ ವಾಪಸು ತರಬೇಕು ಎಂಬುದೊಂದೇ ಷರತ್ತು. ವೇಣೂರು, ನಾರಾವಿ ಕಡೆಗೆಲ್ಲ ಹೋಗಿ ಬಂದಿದೆ. ಇದನ್ನು ಬರೆಯುವಾಗ ಸಿದ್ಧಕಟ್ಟೆ ಕಡೆಯ ಒಬ್ಬರ ಅಂಗಳದಲ್ಲಿದೆ, ಎರಡು ದಿನದಿಂದ ಬಿಗಿದು ಬಿಟ್ಟಿದ್ದಾರಂತೆ, ಇನ್ನೂ ಸದ್ದಾಗಿಲ್ಲ.